ಸಾವನ್ನು ದಾಟುವುದು ಸಭೆಯೋ, ಸಂಸಾರವೋ?

1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಆರಂಭವಾದ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಲೂರ್ದುಮಾತೆಯ ಹೆಸರಿನ ಕಥೋಲಿಕ ದೇವಾಲಯವಿದೆ. ಮಾರ್ಮನ್ನರೆಂದು ರೂಢಿಯಲ್ಲಿ ಕರೆಯಲಾಗುವ ‘ಅಂತಿಮ ದಿನಗಳ ಸಂತರ ಯೇಸುಕ್ರಿಸ್ತರ ಸಭೆ’ಯು ಭಾರತದ ತನ್ನ ಮೊದಲ ಮಂದಿರವನ್ನು 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಘೋಷಿಸಿ, 2020ರ ಡಿಸೆಂಬರ್ 2ರಂದು ವೈಟ್‌ಫೀಲ್ಡ್ ಭಾಗದಲ್ಲೇ ಅದರ ನಿರ್ಮಾಣಕ್ಕೆ ಚಾಲನೆ ನೀಡಿತು. ಕ್ರಿಸ್ತನನ್ನೇ ನಂಬುವ ಈ ಎರಡು ಸಮುದಾಯಗಳು ಧರ್ಮಸಭೆ ಎಂದರೇನು, ಸ್ವರ್ಗ ಎಂದರೇನು ಎಂಬೆರಡು ಪ್ರಶ್ನೆಗಳಲ್ಲಿ ಬೇರೆಯಾಗುತ್ತವೆ. ಇವನ್ನು ಬಿಡಿಬಿಡಿಯಾಗಿ ಚರ್ಚಿಸುವುದು ವಾಡಿಕೆಯಾದರೂ, ಮೊದಲನೆಯದಕ್ಕೆ ಕೊಡುವ ಉತ್ತರವೇ ಎರಡನೆಯದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕ್ರಿಸ್ತನು ತನ್ನ ಶಿಷ್ಯ ಪೇತ್ರನ ಮೇಲೆ ಕಟ್ಟಿದ ಸಭೆ ಎಂದೂ ಅಳಿದಿಲ್ಲವೆಂಬುದು ಕಥೋಲಿಕರ ನಂಬಿಕೆ. ಪ್ರೇಷಿತರಿಂದ, ಅಂದರೆ ಕ್ರಿಸ್ತನ ಮೊದಲ ಶಿಷ್ಯರಿಂದ, ಇಂದಿನ ಧರ್ಮಾಧ್ಯಕ್ಷರವರೆಗೆ ಹಸ್ತನಿಕ್ಷೇಪದ ಮೂಲಕ ಅಧಿಕಾರ ಹರಿದುಬಂದಿದೆ ಎಂಬ ಈ ತತ್ವಕ್ಕೆ ಪ್ರೇಷಿತ ಪರಂಪರೆ ಎನ್ನುತ್ತಾರೆ. ಮಾರ್ಮನ್ನರ ದೃಷ್ಟಿಯಲ್ಲಿ ಆ ಪರಂಪರೆ ಪ್ರೇಷಿತರ ಮರಣಾನಂತರ ಕಡಿದುಹೋಯಿತು. ‘ಮಹಾ ಧರ್ಮಭ್ರಂಶ’ವೆಂದು ಅವರು ಕರೆಯುವ ಆ ದೀರ್ಘ ಕಾಲದ ಬಳಿಕ ದೇವರು ಜೋಸೆಫ್ ಸ್ಮಿತ್ ಎಂಬ ಪ್ರವಾದಿಯ ಮೂಲಕ ಯಾಜಕಾಧಿಕಾರವನ್ನು ಮರಳಿ ಕೊಟ್ಟದ್ದರಿಂದ, 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪನೆಯಾದ ಸಭೆ ಅವರಿಗೆ ಹೊಸ ಪಂಥವಲ್ಲ, ಮೂಲಸಭೆಯ ಪುನಃಸ್ಥಾಪನೆ.

ಸ್ವರ್ಗದ ಕಲ್ಪನೆಯೂ ಇದಕ್ಕೆ ತಕ್ಕಂತೆ ರೂಪುಗೊಂಡಿದೆ. ಕಥೋಲಿಕರಿಗೆ ಸ್ವರ್ಗವೆಂದರೆ ದೇವರ ನೇರ ದರ್ಶನ; ಶುದ್ಧಿ ಹೊಂದಿದ ಆತ್ಮಗಳು ಅಂತಿಮ ತೀರ್ಪಿಗೆ ಕಾಯದೆ ಅದನ್ನು ಪಡೆಯುತ್ತವೆ ಎಂದು ಹನ್ನೆರಡನೆಯ ಬೆನೆಡಿಕ್ಟ್ ಪೋಪರು 1336ರಲ್ಲಿ ನಿರ್ಣಯಿಸಿದರು. ವಿವಾಹಬಂಧನ ಮರಣದೊಂದಿಗೆ ಮುಗಿದರೂ ಪ್ರೀತಿ ಮುಗಿಯದು, ಅದು ಸಕಲ ಸಂತರ ಬಾಂಧವ್ಯದಲ್ಲಿ ಪೂರ್ಣಗೊಳ್ಳುತ್ತದೆ. ಜೋಸೆಫ್ ಸ್ಮಿತ್ 1832ರಲ್ಲಿ ಕಂಡೆನೆಂದ ದರ್ಶನವಾದರೋ ಮಹಿಮೆಯ ಮೂರು ಲೋಕಗಳನ್ನು ಹೇಳುತ್ತದೆ. ಅವುಗಳಲ್ಲಿ ಅತ್ಯುನ್ನತವಾದುದರ ಪರಮಪದವಿಗೆ, ಮಂದಿರದಲ್ಲಿ ದಂಪತಿಗಳನ್ನು ಅನಂತಕಾಲಕ್ಕೂ ಬೆಸೆಯುವ ಮುದ್ರಾವಿಧಿ ಅಗತ್ಯವೆಂಬುದು ಮಾರ್ಮನ್ ಬೋಧನೆ. ಮುದ್ರೆಯೊತ್ತುವ ಅಧಿಕಾರ ಪುನಃಸ್ಥಾಪಿತ ಸಭೆಗೆ ಮಾತ್ರ ಇರುವುದರಿಂದ, ಅವರ ಸ್ವರ್ಗದಲ್ಲಿ ಕುಟುಂಬ ಉಳಿಯುವುದು ಅವರ ಸಭೆಯ ಚರಿತ್ರೆ ನಿಜವಾಗಿದ್ದರೆ ಮಾತ್ರ.

ಇಬ್ಬರೂ ಗತಿಸಿದವರನ್ನು ಮರೆಯದ ಕಾರಣ ಭೇದ ಅಷ್ಟು ಆಳವಾದುದಲ್ಲವೆಂದು ಆಕ್ಷೇಪಿಸಬಹುದು. ಆದರೆ ಕಥೋಲಿಕರು ನವೆಂಬರ್ 2ರಂದು ಸಮಸ್ತ ಮೃತರ ಆತ್ಮಶುದ್ಧಿಗಾಗಿ ಪ್ರಾರ್ಥಿಸುತ್ತಾರೆಯೇ ಹೊರತು ಸತ್ತವರಿಗೆ ಜ್ಞಾನಸ್ನಾನದಂಥ ಸಂಸ್ಕಾರ ನೀಡುವುದಿಲ್ಲ. ಮಾರ್ಮನ್ನರು ವಂಶಾವಳಿ ಶೋಧಿಸಿ, ಪೂರ್ವಿಕರ ಪರವಾಗಿ ತಾವೇ ಜ್ಞಾನಸ್ನಾನ ಪಡೆಯುತ್ತಾರೆ, ಅದನ್ನು ಒಪ್ಪುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ ಮೃತರಿಗಿದೆಯೆಂದೂ ನಂಬುತ್ತಾರೆ. ಭೇದ ಜ್ಞಾನಸ್ನಾನದ ಅರ್ಥದವರೆಗೂ ಹೋಗುತ್ತದೆ: ಮಾರ್ಮನ್ ಜ್ಞಾನಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ಹೇಳಿದ್ದು ಹಗೆತನದಿಂದಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರುಗಳು ಒಂದೇ ಆದರೂ ಅವುಗಳ ಅರ್ಥ ಇಬ್ಬರಲ್ಲಿ ಬೇರೆಯೆಂಬ ಕಾರಣದಿಂದ.

ಹೀಗೆ ಒಬ್ಬರು ಸಭೆಯ ಚರಿತ್ರೆ ತುಂಡಾಗಿಲ್ಲವೆಂದು ನಂಬಿ ಸಂಸಾರವನ್ನು ವಿಶಾಲವಾದ ಬಾಂಧವ್ಯಕ್ಕೆ ಒಪ್ಪಿಸಿದರೆ, ಇನ್ನೊಬ್ಬರು ಚರಿತ್ರೆ ತುಂಡಾಯಿತೆಂದು ನಂಬಿ ಸಂಸಾರವನ್ನು ಅನಂತತೆಗೆ ಬೆಸೆಯುತ್ತಾರೆ. ಕೆಲಸಕ್ಕಾಗಿ ತಂದೆತಾಯಿಗಳನ್ನು ಊರಲ್ಲಿ ಬಿಟ್ಟುಬಂದವರೇ ತುಂಬಿರುವ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಎರಡು ಭರವಸೆಗಳೂ ನಿಜವಾದ ಹಸಿವಿಗೆ ಉತ್ತರಿಸುತ್ತವೆ: ಪರಿಚಯವಿಲ್ಲದವರ ನಡುವೆಯೂ ತನ್ನವರಿದ್ದಾರೆಂಬ ಭರವಸೆ ಒಂದು, ದೂರವಾದವರು ಕೈತಪ್ಪಿಹೋಗುವುದಿಲ್ಲವೆಂಬ ಭರವಸೆ ಇನ್ನೊಂದು. ಎರಡೂ ಒಂದೇ ಎಂದು ಹೇಳುವುದು ಸೌಹಾರ್ದದಂತೆ ಕಂಡರೂ ಇಬ್ಬರ ನಂಬಿಕೆಗೂ ಅನ್ಯಾಯ ಮಾಡುತ್ತದೆ. ನೆರೆಯವನ ಸ್ವರ್ಗ ತನ್ನದಲ್ಲವೆಂದು ಸ್ಪಷ್ಟವಾಗಿ ತಿಳಿದೂ, ಅದನ್ನು ಅವನು ಏಕೆ ಬಯಸುತ್ತಾನೆಂದು ಅರಿಯುವುದೇ ನಿಜವಾದ ಗೌರವ.