ಬೆನ್ನಾಗಿನ ನೀರು

ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಮೂವತ್ತು ವರ್ಷ ಸೀರೆ ನೇಯ್ದವರಿಗೆ ಕಾಲು ಜೋಮು ಹಿಡಿದರೆ ಯಾರೂ ಬೆಚ್ಚುವುದಿಲ್ಲ. ‘ಕುಂತು ಕುಂತು ಹಂಗಾಗೇದ ತಗೋರಿ’ ಎಂದು ಎಣ್ಣೆ ತಿಕ್ಕುತ್ತಾರೆ. ಬಹಳ ಸಲ ಅದು ನಿಜವೂ ಹೌದು. ಆದರೆ ಅದೇ ಮನುಷ್ಯನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿ, ಕುತ್ತಿಗೆಯ ಗಡ್ಡೆ ಕಿಮೊದಲ್ಲಿ ಕರಗಿ, ಮನೆಯವರು ಬಾದಾಮಿಯ ಬನಶಂಕರಿಗೆ ಹರಕೆ ತೀರಿಸಿ ಬಂದ ಮೇಲೆ ಜೋಮು ಶುರುವಾದರೆ? ಗದ್ದ ಮರಗಟ್ಟಿದರೆ, ಒಂದು ದೀಪ ಎರಡಾಗಿ ಕಂಡರೆ? ಆಗಲೂ ಮಗ್ಗದ ಮೇಲೋ ವಯಸ್ಸಿನ ಮೇಲೋ ಹಾಕಿ ಸುಮ್ಮನಾಗುತ್ತೇವೆ. ಪರಿಚಯದ ಕಾರಣವೇ ನಮಗೆ ಹಿತ.

ಇಂಥ ಲಕ್ಷಣ ಕಂಡಾಗ ರೋಗ ಮಿದುಳು, ಬೆನ್ನುಹುರಿಗೆ ಹರಡಿದೆಯೇ ಎಂದು ತಿಳಿಯಲು ಎಂಆರ್‌ಐ ಬೇಕು, ಬೆನ್ನಿನ ನೀರಿನ ಪರೀಕ್ಷೆಯೂ ಬೇಕು. ಹುನಗುಂದದ ಕಡೆ ಆ ಮಾತೆತ್ತಿದರೆ ಸಾಕು, ‘ಬೆನ್ನಾಗಿನ ನೀರು ತಗದ್ರ ಕಾಲು ಬೀಳ್ತಾವಂತಲ್ರೀ’ ಎನ್ನುತ್ತಾರೆ. ನಗುವಂಥ ಭಯವಲ್ಲ ಅದು. ಬಿಡಿಸಿ ಹೇಳುವವರು ಸಿಕ್ಕಿರುವುದಿಲ್ಲ, ಅಷ್ಟೆ.

ನೀರು ತೆಗೆದು, ಕ್ಯಾನ್ಸರ್ ಕೋಶ ಕಾಣಲಿಲ್ಲ ಎಂದು ರಿಪೋರ್ಟ್ ಬಂತೆನ್ನಿ. ಮನೆಯಲ್ಲಿ ಪೇಡೆ ಹಂಚುತ್ತಾರೆ. ಕಾಗದ ಹೇಳಿದ್ದು ಈ ಶೀಶೆಯಲ್ಲಿ ಸಿಗಲಿಲ್ಲ ಎಂದಷ್ಟೇ. ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕುವ ಇಳಕಲ್ಲಿನವರಿಗೆ ಇದು ಬೇಗ ತಿಳಿಯಬೇಕು: ಸಾವಿರಾರು ಕೊಂಡಿಗಳಲ್ಲಿ ಒಂದು ಸಡಿಲಿದ್ದರೆ ದೂರದಿಂದ ಕಾಣುವುದಿಲ್ಲ, ಬೆರಳಾಡಿಸಿಯೇ ಹುಡುಕಬೇಕು. ನೀರಿನಲ್ಲಿ ಆ ಕೋಶಗಳು ಎಷ್ಟೋ ಸಲ ಬೆರಳೆಣಿಕೆಯಷ್ಟೇ. ತೆಗೆದ ನೀರು ಕಡಿಮೆಯಾದರೆ ಅವು ತಪ್ಪಿಹೋಗುತ್ತವೆ. ಶೀಶೆ ಲ್ಯಾಬಿಗೆ ಹೋಗುವುದು ತಡವಾದರೆ ಅಲ್ಲೇ ಸಾಯುತ್ತವೆ. ಬರಿಯ ಸೂಕ್ಷ್ಮದರ್ಶಕಕ್ಕೆ ಸಿಗದ್ದು ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆಗೆ ಸಿಗಬಹುದು. ಇನ್ನೊಂದು ಮೋಸವಿದೆ: ಮೊದಲೇ ಸ್ಟೀರಾಯ್ಡ್ ಕೊಟ್ಟಿದ್ದರೆ ಲಿಂಫೋಮಾ ಕೆಲ ದಿನ ಕರಗಿ ಮರೆಯಾಗುತ್ತದೆ. ರೋಗಿ ಎದ್ದು ಓಡಾಡುತ್ತಾನೆ, ಪರೀಕ್ಷೆ ಕುರುಡಾಗುತ್ತದೆ.

ಅದಕ್ಕೇ ವೈದ್ಯರು ‘ಇನ್ನೊಮ್ಮೆ ತೆಗೆಯೋಣ’ ಎನ್ನುತ್ತಾರೆ. ನಮಗೆ ಅದು ದುಡ್ಡಿನ ಆಟದಂತೆ ಕೇಳುತ್ತದೆ. ಬೇರೆಡೆ ಪೆಟ್ಟು ತಿಂದವರ ಗುಮಾನಿ ಸುಳ್ಳೂ ಅಲ್ಲ. ಆದರೆ ಇಲ್ಲಿ ನಾನು ವೈದ್ಯರ ಕಡೆ. ಅವರಲ್ಲೂ ಒಂದು ಕೇಳಿಕೆ ಇದೆ: ಬಾಗಲಕೋಟೆ ನವನಗರದ ಆಸ್ಪತ್ರೆಯಿರಲಿ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿರಲಿ, ಚೀಟಿಯ ಸಾಲು ಎಷ್ಟೇ ಉದ್ದವಿರಲಿ, ‘ಜೋಮು ಹಿಡಿತೈತ್ರಿ’ ಎಂಬ ಮಾತನ್ನು ಬರೆದುಕೊಳ್ಳಿ.

ಕಾಲಿನ ಭಯಕ್ಕೆ ಉತ್ತರ ಇಷ್ಟು. ದೊಡ್ಡವರಲ್ಲಿ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದಲ್ಲಿ ಸೂಜಿ ಹಾಕುತ್ತಾರೆ. 1891ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ಹಾಕಿದ್ದೂ ಸೊಂಟದಲ್ಲೇ. ದೇಹ ದಿನಕ್ಕೆ ಸುಮಾರು 500 ಮಿ.ಲೀ. ಈ ನೀರು ಮಾಡುತ್ತದೆ. ಪರೀಕ್ಷೆಗೆ ತೆಗೆದ 10 ಮಿ.ಲೀ. ಒಂದು ಗಂಟೆಯೊಳಗೆ ಮತ್ತೆ ತುಂಬುತ್ತದೆ.