ನಿಷ್ಠೆಯೂ ಅವಧಾನವೂ

ಆಡಿದವನು ಸೋತು ದುಃಖಿಸುವುದು ಸಹಜ. ಕಣದ ಸಮೀಪಕ್ಕೂ ಹೋಗದೆ, ನೂರಾರು ಮೈಲಿಗಳಾಚೆ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದವನು ಆಡಿದವನಿಗಿಂತಲೂ ಹೆಚ್ಚಾಗಿ ದುಃಖಿಸುವುದು ಯಾವ ಕಾರಣದಿಂದ? ಆ ದುಃಖ ನಿಜವೋ ಭ್ರಾಂತಿಯೋ? ನಿಜವಾದರೆ ಅದು ಮರುಗಳಿಗೆಯಲ್ಲಿ ಕೋಪವಾಗಿ ಪರಿಣಮಿಸುವುದೇಕೆ? ಮಠದ ಮಾಸಿಕದಲ್ಲಿ ಚೆಂಡಾಟದ ವಿಚಾರವೇಕೆಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಬೇಸಗೆಯ ರಾತ್ರಿಗಳಲ್ಲಿ ಈ ದುಃಖವು ಭಕ್ತರ ಮನೆಗಳೊಳಗೆ ಬಂದು ಊಟದ ತಟ್ಟೆಯ ಮುಂದೆಯೇ ಕುಳಿತುಕೊಳ್ಳುತ್ತಿದೆ. ಮನೆಗೆ ಬಂದುದನ್ನು ವಿಚಾರಿಸದೆ ಬಿಡುವುದು ಗೃಹಸ್ಥಧರ್ಮವಲ್ಲ.

ಬೆಂಗಳೂರಿನ ಹೆಸರು ಹೊತ್ತ ರಾಯಲ್ ಚಾಲೆಂಜರ್ಸ್ ಎಂಬ ಕ್ರಿಕೆಟ್ ತಂಡವು 2008ರಲ್ಲಿ ಹುಟ್ಟಿತು. 2009, 2011, 2016 ಈ ಮೂರು ವರ್ಷಗಳಲ್ಲಿ ಅದು ಐಪಿಎಲ್ ಪಂದ್ಯಾವಳಿಯ ಅಂತಿಮ ಹಣಾಹಣಿಯವರೆಗೆ ನಡೆದು ಸೋತಿತು. 2020, 2021, 2022, 2024ರಲ್ಲಿ ಪ್ಲೇ ಆಫ್ ಎಂಬ ಬಾಗಿಲವರೆಗೆ ಬಂದು ಅಲ್ಲಿಂದ ಹಿಂದಿರುಗಿತು. ಇವುಗಳಲ್ಲಿ 2024ರ ನಿರ್ಗಮನವು ಅಭಿಮಾನಿಗಳಿಗೆ ವಿಶೇಷವಾಗಿ ನೋವು ತಂದಿತು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತ ತಂಡವು ಅನಂತರ ಸತತವಾಗಿ ಆರನ್ನು ಗೆದ್ದು, ಸತ್ತ ಮರ ಚಿಗುರಿತೆಂಬಂತೆ ಪ್ಲೇ ಆಫ್ ಸೇರಿತು. ಮೇ 22ರಂದು ಅಹಮದಾಬಾದಿನಲ್ಲಿ ರಾಜಸ್ಥಾನದ ತಂಡಕ್ಕೆ ನಾಲ್ಕು ವಿಕೆಟ್ಟುಗಳಿಂದ ಸೋತಿತು. ಒಂದೇ ರಾತ್ರಿಯಲ್ಲಿ ಚಿಗುರು ಬಾಡಿತು. "ಈ ಸಲ ಕಪ್ ನಮ್ದೇ" ಎಂಬ ಘೋಷವನ್ನು ವರ್ಷವರ್ಷವೂ ಕೂಗಿ, ವರ್ಷವರ್ಷವೂ ನಗೆಗೀಡಾಗಿ, ಮರುವರ್ಷ ಮತ್ತೆ ಕೂಗಿದವರು ಈ ನಾಡಿನಲ್ಲಿ ಲಕ್ಷಾಂತರ ಮಂದಿ.

ಬೀದರ ಜಿಲ್ಲೆಯಲ್ಲಿ, ಬಸವಕಲ್ಯಾಣ ಹುಮನಾಬಾದಗಳ ಸೀಮೆಯಲ್ಲಿರುವ ಗೋರ್ಟಾ (ಬಿ) ಗ್ರಾಮದಂತಹ ಊರನ್ನು ನೆನೆಯೋಣ. ಅಲ್ಲಿಗೆ ಬೆಂಗಳೂರು ಬಹುದೂರ, ಹೈದರಾಬಾದು ಹತ್ತಿರ. 1956ರವರೆಗೆ ಆ ಸೀಮೆಯೆಲ್ಲ ಹೈದರಾಬಾದು ಸಂಸ್ಥಾನಕ್ಕೂ ಆಮೇಲೆ ಹೈದರಾಬಾದು ರಾಜ್ಯಕ್ಕೂ ಸೇರಿತ್ತು. ದಾರಿಯ ಲೆಕ್ಕದಿಂದ ನೋಡಿದರೆ ಅಲ್ಲಿಯ ತರುಣರು ಹೈದರಾಬಾದಿನ ತಂಡಕ್ಕೆ ಒಲಿಯಬೇಕಾಗಿತ್ತು. ಬೆಂಗಳೂರು ತಂಡವನ್ನು 2009ರ ಮತ್ತು 2016ರ ಅಂತಿಮ ಪಂದ್ಯಗಳಲ್ಲಿಯೂ 2020ರ ಪ್ಲೇ ಆಫಿನಲ್ಲಿಯೂ ಕೆಡವಿದ್ದು ಹೈದರಾಬಾದಿನ ತಂಡಗಳೇ. ಆದರೂ ಒಲವು ದಾರಿಯ ಲೆಕ್ಕ ಹಿಡಿಯದೆ ನುಡಿಯ ಲೆಕ್ಕ ಹಿಡಿದು ಬೆಂಗಳೂರಿನ ಕಡೆಗೇ ಹರಿಯುವುದು.

ಇದೇ ಗೋರ್ಟಾದಲ್ಲಿ ದುಃಖವೆಂಬ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು. 1948ರ ಮೇ ತಿಂಗಳಿನಲ್ಲಿ ರಜಾಕಾರರ ದಾಳಿಗೆ ಸಿಕ್ಕಿ ಆ ಗ್ರಾಮದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಹತರಾದರೆಂದು ಹೇಳುವರು. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕವು ಲೋಕಾರ್ಪಣೆಯಾಯಿತು. ಅಂತಹ ಊರಿನ ಹಿರಿಯನೊಬ್ಬನು, ಪಂದ್ಯ ಸೋತಿತೆಂದು ಮುಖ ಗಂಟಿಕ್ಕಿದ ಮೊಮ್ಮಗನಿಗೆ "ಇದೂ ಒಂದು ದುಃಖವೇನೋ" ಎಂದು ಗದರಿದರೆ ಅವನ ಮಾತಿನಲ್ಲಿ ಸತ್ಯವಿಲ್ಲವೆನ್ನುವಂತಿಲ್ಲ. ಆದರೆ ಹಿರಿದಾದ ದುಃಖವನ್ನು ತೋರಿಸಿ ಕಿರಿದಾದುದನ್ನು ಅಡಗಿಸುವ ಉಪಾಯವು ಫಲಿಸುವುದು ಅಪರೂಪ. ಮುಳ್ಳು ನೆಟ್ಟವನಿಗೆ ಕೈ ಮುರಿದವನ ಕಥೆ ಹೇಳಿದರೆ ಮುಳ್ಳು ಹೊರಬೀಳುವುದಿಲ್ಲ. ಇಷ್ಟಲ್ಲದೆ, ಹತರಾದವರ ನೆನಪನ್ನು ಮಕ್ಕಳನ್ನು ಗದರುವ ಬೆತ್ತವಾಗಿ ಬಳಸುವುದು ಆ ನೆನಪಿಗೂ ಗೌರವವಲ್ಲ. ಆದುದರಿಂದ ಹುಡುಗನ ದುಃಖವನ್ನು ನಿಜವೆಂದೇ ಒಪ್ಪಿಕೊಂಡು ಅದರ ಬೇರನ್ನು ನೋಡಬೇಕು.

ಬೇರು ಇರುವುದು "ನಮ್ಮ" ಎಂಬ ಪದದಲ್ಲಿ. ಈ ತಂಡವು ಯಾವ ಅರ್ಥದಲ್ಲಿ ನಮ್ಮದು? ಅದರ ಆಟಗಾರರು ಹರಾಜಿನಲ್ಲಿ ಕೊಳ್ಳಲ್ಪಟ್ಟವರು. ಅದರ ಕೀರ್ತಿಸ್ತಂಭವಾದ ವಿರಾಟ್ ಕೊಹ್ಲಿ ದಿಲ್ಲಿಯವನು. ಕನ್ನಡಿಗನಾದ ಕೆ. ಎಲ್. ರಾಹುಲ್ 2025ರ ಏಪ್ರಿಲ್ 10ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ದಿಲ್ಲಿಯ ಪರವಾಗಿ 93 ರನ್ನು ಹೊಡೆದು ಬೆಂಗಳೂರನ್ನು ಸೋಲಿಸಿ, ಇದು ತನ್ನ ನೆಲವೆಂದು ದಾಂಡಿನಿಂದ ನೆಲದ ಮೇಲೆ ವೃತ್ತ ಬರೆದು ತೋರಿಸಿದನು. ಇನ್ನು ತಂಡದ ಹೆಸರಾದರೋ ಒಂದು ಮದ್ಯದ ಹೆಸರಿನಿಂದ ಬಂದದ್ದು. ಮದ್ಯವನ್ನು ಮುಟ್ಟದ ಭಕ್ತರ ಮಕ್ಕಳು ಆ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ತಿರುಗುವುದು ಕಾಲದ ವಿನೋದಗಳಲ್ಲೊಂದು. ಮತ್ತೂ ಒಂದು ಮಾತು. ಇದೇ ಹೆಸರಿನ ಮಹಿಳೆಯರ ತಂಡವು 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ತನ್ನ ಪಂದ್ಯಾವಳಿಯ ಕಪ್ಪನ್ನು ಗೆದ್ದಿತು; ಕನ್ನಡತಿ ಶ್ರೇಯಾಂಕಾ ಪಾಟೀಲ ಅಂದು ನಾಲ್ಕು ವಿಕೆಟ್ ಪಡೆದಳು. ಆಮೇಲೆಯೂ "ನಮಗೆ ಒಂದು ಕಪ್ಪೂ ಇಲ್ಲ" ಎಂದು ಹಲುಬಿದವರ "ನಾವು" ಎಂಬುದರಲ್ಲಿ ಹೆಣ್ಣುಮಕ್ಕಳು ಸೇರಿರಲಿಲ್ಲವೆಂದೇ ತಿಳಿಯಬೇಕಾಗುವುದು.

ಹೀಗೆ ಬಿಡಿಸಿ ನೋಡಿದರೆ "ನಮ್ಮದು" ಎಂಬುದಕ್ಕೆ ಆಧಾರವೇ ಉಳಿಯದು. ಹಾಗಾದರೆ ಈ ಮಮತೆಯೆಲ್ಲ ಮಾಯೆಯೆಂದು ತಳ್ಳಿಬಿಡೋಣವೇ? ಅಷ್ಟು ಅವಸರ ಬೇಡ. ಯಾವ ಲಾಭವೂ ಇಲ್ಲದೆ ಹದಿನೇಳು ವರ್ಷಗಳ ಕಾಲ ಸೋಲುವವರ ಜೊತೆಗೆ ನಿಂತುದು, ಗೆಲ್ಲುವವರ ಕಡೆಗೆ ಜಾರದೆ ಇದ್ದುದು, ಸಾಮಾನ್ಯ ಗುಣವಲ್ಲ. ಷಟ್‌ಸ್ಥಲಗಳಲ್ಲಿ ಎರಡನೆಯದಾದ ಮಹೇಶಸ್ಥಲಕ್ಕೆ ಹೇಳಿದ ಭಕ್ತಿ ನಿಷ್ಠಾಭಕ್ತಿ. ಒಂದನ್ನು ಹಿಡಿದು ಮತ್ತೊಂದಕ್ಕೆ ಎರಗದಿರುವುದೇ ಅದರ ಲಕ್ಷಣ. ಇಷ್ಟಲಿಂಗದಲ್ಲಿ ಇರಬೇಕಾದ ನಿಷ್ಠೆಯನ್ನು ಚೆಂಡಾಟದಲ್ಲಿ ಕಾಣುವುದು ಅಪಚಾರವಲ್ಲವೇ ಎಂಬ ಶಂಕೆ ಇಲ್ಲಿ ಏಳುವುದು. ವಸ್ತು ಬೇರೆ, ಮನಸ್ಸಿನ ಕಸುವು ಬೇರೆ. ಶರಣರು ದೋಣಿಯಲ್ಲಿ, ಮಗ್ಗದಲ್ಲಿ, ಅಳತೆಯ ಕೊಳಗದಲ್ಲಿ ತತ್ತ್ವವನ್ನು ಕಂಡವರು. ವೇಷ ಹಾಕಿ ಜನರನ್ನು ರಂಜಿಸಿದ ಬಹುರೂಪಿ ಚೌಡಯ್ಯನೂ ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಆ ಸಮೂಹದಲ್ಲಿಯೇ ಇದ್ದರು. ಅಂಥವರ ಪರಂಪರೆಯವರು ಆಟವೆಂದ ಮಾತ್ರಕ್ಕೆ ಮೂಗು ಮುರಿಯಬೇಕಾಗಿಲ್ಲ.

ಕೊರತೆ ಇರುವುದು ಮುಂದಿನ ಮೆಟ್ಟಿಲಿನಲ್ಲಿ. ಮಹೇಶನ ಮೇಲಿನ ಸ್ಥಲ ಪ್ರಸಾದಿಯದು. ಅದರ ಭಕ್ತಿ ಅವಧಾನಭಕ್ತಿ. ಬಂದುದನ್ನು ಎಚ್ಚರದಿಂದ ಅರ್ಪಿಸಿ ಎಚ್ಚರದಿಂದ ಸ್ವೀಕರಿಸುವುದೇ ಅವಧಾನ. ಷಟ್‌ಸ್ಥಲಶಾಸ್ತ್ರದಲ್ಲಿ ಮೂಗಿನ ಗಂಧವು ಆಚಾರಲಿಂಗಕ್ಕೆ, ನಾಲಗೆಯ ರುಚಿಯು ಗುರುಲಿಂಗಕ್ಕೆ, ಕಣ್ಣಿನ ರೂಪವು ಶಿವಲಿಂಗಕ್ಕೆ ಅರ್ಪಿತವೆಂದು ಹೇಳಿದೆ. ಕಣ್ಣು ಕಂಡ ರೂಪವೆಲ್ಲ ಶಿವಲಿಂಗಕ್ಕೆ ಸಲ್ಲತಕ್ಕದ್ದು. ಅದರಲ್ಲಿ ಇವರ ರೂಪ ಸಲ್ಲುವುದು, ಅವರ ರೂಪ ಸಲ್ಲದು ಎಂಬ ಭೇದವನ್ನು ಯಾವ ಶಾಸ್ತ್ರವೂ ಹೇಳಿಲ್ಲ.

ಈಗ ಒಂದು ನಿಜವಾದ ಸಂಜೆಯನ್ನು ಪರೀಕ್ಷಿಸೋಣ. 2023ರ ಮೇ 21. ಚಿನ್ನಸ್ವಾಮಿ ಕ್ರೀಡಾಂಗಣ. ಗೆದ್ದರೆ ಪ್ಲೇ ಆಫ್, ಸೋತರೆ ಮನೆ. ಕೊಹ್ಲಿ 61 ಚೆಂಡುಗಳಲ್ಲಿ ಔಟಾಗದೆ 101 ರನ್ನು ಮಾಡಿದನು. ಬೆಂಗಳೂರಿನ ಮೊತ್ತ 197. ಅನಂತರ ಗುಜರಾತಿನ ಪರವಾಗಿ ಶುಭಮನ್ ಗಿಲ್ ಎಂಬ ಇಪ್ಪತ್ಮೂರರ ತರುಣನು 52 ಚೆಂಡುಗಳಲ್ಲಿ ಔಟಾಗದೆ 104 ರನ್ನು ಮಾಡಿ, ಕೊನೆಯ ಹೊಡೆತವನ್ನು ಸಿಕ್ಸರಾಗಿ ಹಾರಿಸಿ ಪಂದ್ಯವನ್ನು ಮುಗಿಸಿದನು. ಒಂದೇ ನೆಲ, ಒಂದೇ ರಾತ್ರಿ, ಎರಡು ಶತಕ. ಆಟವನ್ನು ಬಲ್ಲ ಕಣ್ಣಿಗೆ ಇಂತಹ ರಾತ್ರಿ ದೊರೆಯುವುದೇ ದುರ್ಲಭ. ಆದರೆ ಅಭಿಮಾನಿಯ ಕಣ್ಣು ಮೊದಲನೆಯ ಶತಕವನ್ನು ಹಬ್ಬವೆಂದು ಉಂಡಿತು, ಎರಡನೆಯದನ್ನು ವಿಷವೆಂದು ಉಗುಳಿತು. ಬಡಿಸಿದುದರಲ್ಲಿ ಅರ್ಧವನ್ನು ತಾನೇ ತಟ್ಟೆಯಿಂದ ನೂಕಿದವನು ಆಮೇಲೆ ಹಸಿವಿನಿಂದ ಕೂಗಿದಂತಾಯಿತು ಇದು. ಅಷ್ಟಕ್ಕೇ ನಿಂತಿದ್ದರೆ ನಷ್ಟ ಅವನದೇ ಆಗುತ್ತಿತ್ತು. ಕೆಲವರು ಜಾಲತಾಣಗಳಲ್ಲಿ ಗಿಲ್‌ನನ್ನು ಮಾತ್ರವಲ್ಲದೆ ಅವನ ಸಹೋದರಿಯನ್ನೂ ಬಾಯಿಗೆ ಬಂದಂತೆ ಬೈದರು. ಆಕೆ ಹಿಡಿದ ದಾಂಡು ಯಾವುದು, ಎಸೆದ ಚೆಂಡು ಯಾವುದು?

ನಾಟಕವನ್ನು ನೋಡುವವನಿಗೆ ಹೀಗಾಗುವುದಿಲ್ಲ. ಹರಿಶ್ಚಂದ್ರನು ಮಗನ ಶವದ ಮುಂದೆ ನಿಂತಾಗ ಸಭೆಯೆಲ್ಲ ಕಣ್ಣೀರಿಡುವುದು. ಆದರೂ ಬಯಲಾಟ ಮುಗಿದ ಮೇಲೆ ಯಾರೂ ವಿಶ್ವಾಮಿತ್ರನ ಪಾತ್ರಧಾರಿಯ ಮನೆಗೆ ಕಲ್ಲೆಸೆಯುವುದಿಲ್ಲ. ಕಾಶ್ಮೀರದ ಅಭಿನವಗುಪ್ತನು ಇದಕ್ಕೆ ಕಾರಣ ಹೇಳಿರುವನು: ಇದು ನನ್ನದು, ಇದು ಶತ್ರುವಿನದು, ಇದು ನನಗೆ ಸಂಬಂಧಿಸದವನದು ಎಂಬ ಗೆರೆಗಳು ರಂಗದ ಮುಂದೆ ಕುಳಿತ ಸಹೃದಯನಲ್ಲಿ ಅಳಿಸಿಹೋಗುವುವು, ಆದುದರಿಂದಲೇ ಅಲ್ಲಿ ಶೋಕವೂ ಕರುಣರಸವಾಗಿ ಆಸ್ವಾದ್ಯವಾಗುವುದು. ಆಟದಲ್ಲಿ ಆ ಗೆರೆ ಅಳಿಸುವುದಿಲ್ಲ, ಅಳಿಸಬೇಕಾದುದೂ ಇಲ್ಲ. ಪಕ್ಷವಿಲ್ಲದೆ ನೋಡಿದರೆ ಆಟದ ರುಚಿಯೇ ಅರ್ಧ ಹೋಗುವುದು. ಆದರೆ ಗೆರೆಯು ಕಣದ ಸುತ್ತ ಎಳೆದ ಸುಣ್ಣದ ಗೆರೆಯಾಗಿರಬೇಕು. ಕೊನೆಯ ಚೆಂಡು ಬಿದ್ದ ಮೇಲೆ ಅದನ್ನು ಬೀದಿಗೂ ಮನೆಗೂ ಎಳೆದುಕೊಂಡು ಹೋದಾಗ ರಸವಾಗಬೇಕಾದುದು ದ್ವೇಷವಾಗುವುದು.

2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ಕೋಲ್ಕತ್ತದ ಎದುರು ಬೆಂಗಳೂರು ಸೋತು ಹೊರಬಿದ್ದಿತು. ಡಾನ್ ಕ್ರಿಶ್ಚಿಯನ್ ಎಂಬ ಆಸ್ಟ್ರೇಲಿಯದ ಆಟಗಾರನ ಒಂದು ಓವರಿನಲ್ಲಿ ಸುನಿಲ್ ನಾರಾಯಣನು ಮೂರು ಸಿಕ್ಸರುಗಳನ್ನು ಹೊಡೆದಿದ್ದನು. ಅಷ್ಟಕ್ಕೆ ಕ್ರಿಶ್ಚಿಯನ್ನನ ಗರ್ಭಿಣಿಯಾದ ಸಂಗಾತಿಗೆ ನಿಂದೆಯ ಮಳೆ ಸುರಿಯಿತು. ತಾನು ಚೆನ್ನಾಗಿ ಆಡಲಿಲ್ಲ, ಆದರೆ ಆಕೆಯನ್ನು ಇದರಲ್ಲಿ ಎಳೆಯಬೇಡಿರೆಂದು ಅವನು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಆ ಆಟಗಾರನು ತನ್ನ ಕಾಯಕವನ್ನು ಮಾಡಿದ್ದನು; ಫಲವು ಎದುರಾಳಿಯ ಬಲದಲ್ಲಿಯೂ ಇತ್ತು. ಬಿತ್ತಿದ ಒಕ್ಕಲಿಗನ ತೊಗರಿ ಮಳೆಗೆ ಕೊಳೆತರೆ ಊರವರು ಅವನ ಹೆಂಡತಿಯನ್ನು ಬೈಯುವರೇ?

ಅದೇ ವರ್ಷ ಇನ್ನೂ ಹೇಯವಾದುದು ನಡೆಯಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ಹಾಕಿ ತಂಡವು ಆಗಸ್ಟ್ 4ರಂದು ಸೆಮಿಫೈನಲಿನಲ್ಲಿ ಅರ್ಜೆಂಟೀನಕ್ಕೆ ಸೋತಿತು. ಕೆಲವೇ ದಿನಗಳ ಹಿಂದೆ ದಕ್ಷಿಣ ಆಫ್ರಿಕದ ಮೇಲೆ ಮೂರು ಗೋಲು ಹೊಡೆದು, ಒಲಿಂಪಿಕ್ಸಿನಲ್ಲಿ ಆ ಸಾಧನೆ ಮಾಡಿದ ಪ್ರಥಮ ಭಾರತೀಯಳೆನಿಸಿದ್ದ ವಂದನಾ ಕಟಾರಿಯಾಳ ಮನೆ ಹರಿದ್ವಾರದ ಬಳಿ ಇದೆ. ಸೋಲಿನ ಅನಂತರ ಆ ಮನೆಯ ಮುಂದೆ ಕೆಲವರು ಪಟಾಕಿ ಸುಟ್ಟು, ಕುಣಿದು, ಜಾತಿ ಹಿಡಿದು ಬೈದರೆಂದು ಕುಟುಂಬದವರು ದೂರಿದರು, ಬಂಧನಗಳೂ ಆದುವು. ಗೆದ್ದಾಗ ದೇಶದ ಮಗಳು, ಸೋತಾಗ ಜಾತಿಯ ಹೆಸರು! ಸೋಲಿನ ಬೇಸರವು ಒಳಗೆ ಕೂಡಿಟ್ಟಿದ್ದ ಕೊಳೆಯನ್ನು ಹೊರಹಾಕಲು ಒಂದು ನೆಪವಾಯಿತಷ್ಟೆ. ಕುಲವನ್ನು ಕೇಳದ ಕಲ್ಯಾಣದ ನೆರೆಯಲ್ಲಿ ಬಾಳುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

"ಗೆದ್ದುಬಿಟ್ಟಿದ್ದರೆ ಇದಾವುದೂ ಇರುತ್ತಿರಲಿಲ್ಲ" ಎಂದು ಅಭಿಮಾನಿಯು ವಾದಿಸಬಹುದು. ಆ ವಾದಕ್ಕೂ ಉತ್ತರ ದೊರೆತಿದೆ. 2009ರಲ್ಲಿ ಆರು ರನ್ನುಗಳಿಂದ ಅಂತಿಮ ಪಂದ್ಯವನ್ನು ಸೋತಿದ್ದ ತಂಡವು 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಎದುರು ಆರೇ ರನ್ನುಗಳಿಂದ ಗೆದ್ದಿತು. ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ಪು ಬಂದಿತು. ಮರುದಿನ, ಜೂನ್ 4ರಂದು, ಗೆದ್ದವರನ್ನು ನೋಡಲು ಬಂದ ಜನಸಾಗರದ ನೂಕುನುಗ್ಗಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಬಹುತೇಕರು ಎಳೆಯರು. ಅಲ್ಲಿಯ ವ್ಯವಸ್ಥೆಯ ಲೋಪಕ್ಕೆ ಉತ್ತರ ಕೊಡಬೇಕಾದವರು ಬೇರೆ ಇರುವರು. ಸತ್ತ ಮಕ್ಕಳ ಮೇಲೆ ತಪ್ಪು ಹೊರಿಸುವುದು ಕ್ರೌರ್ಯ. ಆದರೆ ಗೆಲುವು ಬಂದರೆ ಮನಸ್ಸು ತಾನಾಗಿ ನೆಲೆಗೊಳ್ಳುವುದೆಂಬ ನಂಬಿಕೆಯು ಒಂದು ಹಗಲೂ ಬಾಳಲಿಲ್ಲ. ಸೋಲಿನಲ್ಲಿ ಇಲ್ಲದ ಅವಧಾನವು ಗೆಲುವಿನ ಜನಸಾಗರದಲ್ಲಿ ಎಲ್ಲಿಂದ ಬರಬೇಕು?

ಅವಧಾನವನ್ನು ಕಲಿಸುವುದಕ್ಕೆ ಸೋತ ರಾತ್ರಿಯೇ ಯೋಗ್ಯವಾದ ಕಾಲ, ಮನೆಯೇ ಯೋಗ್ಯವಾದ ಸ್ಥಳ. ಪಂದ್ಯ ಮುಗಿದು, ಹುಡುಗನು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದು, ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಕುಳಿತಿರುವನು. ಮುಂದಿಟ್ಟ ತಟ್ಟೆ ಪ್ರಸಾದವೆಂಬುದು ಅವನಿಗೆ ಗೊತ್ತಿದೆ; ಗೊತ್ತಿದ್ದೂ ನೂಕಿರುವನು. ಆಗ ತಂದೆಯು ನಕ್ಕರೆ ಗಾಯಕ್ಕೆ ಉಪ್ಪು ಬೀಳುವುದು, ಉಪದೇಶ ಮಾಡಿದರೆ ಕಿವಿ ಮುಚ್ಚುವುದು. ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ರೊಟ್ಟಿಯ ಬುಟ್ಟಿಯನ್ನು ಹತ್ತಿರಕ್ಕೆ ಸರಿಸಿ, "ಹೋಗ್ಲಿ ಬಿಡು ತಮ್ಮಾ, ಅವ್ರೊಳಗ ಛಲೋ ಆಡಿದಾಂವ ಯಾರು?" ಎಂದು ಕೇಳಬಹುದು. ಮೊದಲು ಅವನು ಉತ್ತರಿಸಲಾರನು. ಆಮೇಲೆ, 2024ರ ಆ ರಾತ್ರಿಯಾಗಿದ್ದರೆ, ಅಶ್ವಿನನ ಹೆಸರು ಹೇಳುವನು. ಅವನು ಒಂದರ ಬೆನ್ನಿಗೆ ಒಂದರಂತೆ ಎರಡು ಚೆಂಡುಗಳಲ್ಲಿ ಗ್ರೀನನನ್ನೂ ಮ್ಯಾಕ್ಸ್‌ವೆಲ್ಲನನ್ನೂ ಕೆಡವಿದ ಬಗೆಯನ್ನು ಕೈ ತಿರುಗಿಸಿ ತೋರಿಸಲು ತೊಡಗುವನು. ತೋರಿಸುತ್ತ ತೋರಿಸುತ್ತ ಇನ್ನೊಂದು ಕೈ ರೊಟ್ಟಿಯನ್ನು ಮುರಿದಿರುವುದು ಅವನಿಗೆ ತಿಳಿದಿರುವುದಿಲ್ಲ.