ಉಸ್ತಾದರ ಅಂದಾಜು

ಕಳೆದ ಮಳೆಗಾಲ ತೀರ್ಥಹಳ್ಳಿ ರಸ್ತೆಯಲ್ಲಿ ನಮ್ಮ ಕಾರು ಪಂಕ್ಚರ್ ಆಯಿತು. ಹಿಂದಿನ ಸೀಟಿನಲ್ಲಿ ಅಮ್ಮಿ, ಹೊರಗೆ ಜಡಿಮಳೆ. ಸ್ಟೆಪ್ನಿ ಇತ್ತು, ಜಾಕ್ ಇತ್ತು, ವೀಲ್ ಸ್ಪ್ಯಾನರೂ ಇತ್ತು. ನಟ್‌ಗಳು ಮಾತ್ರ ಅಲುಗಲಿಲ್ಲ. ಸ್ಪ್ಯಾನರಿನ ಮೇಲೆ ಹತ್ತಿ ನಿಂತೆವು. ಮೂರು ಹೇಗೋ ಬಿಚ್ಚಿಕೊಂಡವು. ನಾಲ್ಕನೆಯದರ ಬೋಲ್ಟೇ ತುಂಡಾಗಿ ಬಂತು. ಉಳಿದ ಮೂರನ್ನು ನಂಬಿ, ಆಮೆಯ ಹಾಗೆ ತೆವಳುತ್ತಾ ಮನೆ ಸೇರಿದೆವು.

ಹಿಂದಿನ ವಾರ ಆ ಚಕ್ರ ಹಾಕಿದ್ದವರು ನಾವು ಇಪ್ಪತ್ತು ವರ್ಷಗಳಿಂದ ಬಲ್ಲ ಉಸ್ತಾದರು. ಹೋಗಿ ಕೇಳಿದಾಗ ಅವರೆಂದರು: "ಅಮ್ಮಿಜಾನ್ ಕೂರೋ ಗಾಡಿ ಅಂತ ಸ್ವಲ್ಪ ಜಾಸ್ತಿನೇ ಬಿಗಿ ಮಾಡಿದ್ದೆ, ಭಾಯ್."

ಇದಕ್ಕೆ ಏನು ಹೇಳುವುದು? ಬೇಜವಾಬ್ದಾರಿಯಾಗಿದ್ದರೆ ಬೈಯಬಹುದಿತ್ತು. ಇಲ್ಲಿ ಬೋಲ್ಟನ್ನು ಮುರಿದದ್ದು ಪ್ರೀತಿ.

ಉರ್ದುವಿನಲ್ಲಿ 'ಅಂದಾಜ್' ಎಂದರೆ ಶೈಲಿ, ವರಸೆ. 'ಅಂದಾಜಾ' ಎಂದರೆ ಊಹೆಯ ಅಳತೆ. ಕನ್ನಡದ 'ಅಂದಾಜು' ಈ ಎರಡನೆಯದನ್ನಷ್ಟೇ ಉಳಿಸಿಕೊಂಡಿದೆ. ಉಸ್ತಾದರ ಕೈಯಲ್ಲಿ ಮಾತ್ರ ಎರಡೂ ಒಂದೇ. ನಟ್ ಕೂತ ಕ್ಷಣ ಅವರ ಮಣಿಕಟ್ಟು ನಿಲ್ಲುವ ರೀತಿಯನ್ನು ನಾವು ಎಷ್ಟೋ ಸಲ ಮೆಚ್ಚಿ ನೋಡಿದ್ದೇವೆ.

ಆದರೆ ಲೋಹಕ್ಕೆ ಈ ವರಸೆ ಗೊತ್ತಿಲ್ಲ. ಬಿಗಿದಾಗ ಬೋಲ್ಟ್ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಹಿಂದಕ್ಕೆ ಎಳೆಯುವುದರಿಂದಲೇ ಚಕ್ರ ಕಚ್ಚಿ ನಿಲ್ಲುತ್ತದೆ. ಮಿತಿ ಮೀರಿ ಎಳೆದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ನಮ್ಮ ಕಾರಿನ ಪುಸ್ತಕ ಚಕ್ರದ ನಟ್‌ಗೆ ಹೇಳುವುದು 85 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಎಂಟೂವರೆ ಕಿಲೋ ತೂಕ ನೇತುಹಾಕಿದಷ್ಟು. 70 ಕಿಲೋ ತೂಗುವವರು 30 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ನಿಂತರೆ ಇನ್ನೂರು ದಾಟುತ್ತದೆ! ಅದೇ ಕೈ, ಅದೇ ಎಳೆತ, ಹಿಡಿ ಎರಡರಷ್ಟು ಉದ್ದವಾದರೆ ಬಿಗಿಯೂ ಎರಡರಷ್ಟು. ಬೆಳಗಿನ ಕೈ ಬೇರೆ, ರೋಜಾ ಹಿಡಿದ ಸಂಜೆಯ ಕೈ ಬೇರೆ.

ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ. ಈ ಅಂದಾಜು ಬರುವುದು ಎಲ್ಲಿಂದ? ಕೆಡಿಸಿಯೇ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗನ್ನು ಅತಿಯಾಗಿ ಬಿಗಿದು ಥ್ರೆಡ್ ಹಾಳುಮಾಡಿದ ಹುಡುಗನಿಗೆ ಒಂದು ಏಟು ಬೀಳುತ್ತದೆ, ಅವನ ಕೈ ಕಲಿಯುತ್ತದೆ. ಆದರೆ ಆ ಪಾಠದ ಫೀಸು ಕಟ್ಟಿದವರು ಯಾರು? ಯಾವುದೋ ಗಾಡಿಯವರು, ಎಷ್ಟೋ ಸಲ ತಮಗೆ ತಿಳಿಯದೆಯೇ. ನಟ್ ಬಿಗಿದವರು ಗ್ಯಾರೇಜಿನಲ್ಲೇ ಉಳಿಯುತ್ತಾರೆ. ಅದರ ಮೇಲೆ ಕೂತು ಹೋಗುವವರು ಬೇರೆಯವರು. ಗಾಡಿಯನ್ನು ಒಪ್ಪಿಸಿಹೋಗುವುದು ಅಮಾನತ್ ಇಟ್ಟ ಹಾಗೆ. ಹಾಗಿರುವಾಗ "ನನ್ನ ಕೈಗೆ ಗೊತ್ತು" ಎಂಬ ಮಾತು ಯಾರ ಸಮಾಧಾನಕ್ಕೆ?

ಹಾಗೆಂದು ಟಾರ್ಕ್ ರೆಂಚನ್ನು ಪೀರ್ ಸಾಹೇಬರ ಗದ್ದುಗೆಯಲ್ಲಿ ಕೂರಿಸಬೇಕಿಲ್ಲ. ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸುವುದು ಉಳಿದ ಒಂದು ಪಾಲು. ತುಕ್ಕು ಹಿಡಿದ ಥ್ರೆಡ್ ಆ ಒಂದು ಪಾಲನ್ನೂ ತಿನ್ನುತ್ತದೆ, ಎಣ್ಣೆ ಬಿದ್ದ ಥ್ರೆಡ್‌ನಲ್ಲಿ ಅದು ಹೆಚ್ಚಿ ಬೋಲ್ಟ್ ಅತಿಯಾಗಿ ಹಿಗ್ಗುತ್ತದೆ. ರೆಂಚ್ ಎರಡಕ್ಕೂ ಒಂದೇ 'ಟಕ್' ಹೇಳುತ್ತದೆ. ನಟ್ ಓರೆಯಾಗಿ ಕಚ್ಚಿಕೊಂಡದ್ದನ್ನು ಮೊದಲು ಅರಿಯುವುದು ಬೆರಳೇ.

ಕೊನೆಗೆ ನಾವೇ ಒಂದು ಟಾರ್ಕ್ ರೆಂಚ್ ಕೊಂಡು ಗ್ಯಾರೇಜಿಗೆ ಒಯ್ದೆವು. ಒಯ್ಯುವಾಗ ನಾಚಿಕೆಯಾಯಿತು, ಇಪ್ಪತ್ತು ವರ್ಷದ ನಂಬಿಕೆಗೆ ತಕ್ಕಡಿ ಹಿಡಿದು ಹೊರಟ ಹಾಗೆ. ಉಸ್ತಾದರು ಅದನ್ನು ತಿರುಗಿಸಿ ನೋಡಿ, ಏನೂ ಹೇಳದೆ ನಾಲ್ಕೂ ನಟ್‌ಗಳನ್ನು ತಮ್ಮ ಕೈಯಂದಾಜಿನಲ್ಲೇ ಬಿಗಿದು, "ಈಗ ನೋಡು" ಎಂದು ಹುಡುಗನನ್ನು ಕರೆದರು. ಅವನು 85ಕ್ಕೆ ಇಟ್ಟು ಎಳೆದ. ನಟ್ ಒಂದಿಷ್ಟೂ ತಿರುಗದೆ ನಾಲ್ಕೂ ಕಡೆ ಟಕ್, ಟಕ್. ಉಸ್ತಾದರು ನಮ್ಮತ್ತ ನೋಡಿ ನಕ್ಕರು.

ಹುಡುಗ ಮೆಲ್ಲಗೆ ಅಂದ: "ಜಾಸ್ತಿ ಆಗಿದ್ರೂ ಟಕ್ ಅನ್ನುತ್ತೆ ಉಸ್ತಾದ್. ಸಡಿಲ ಮಾಡಿ ಮತ್ತೆ ಬಿಗೀಬೇಕು."

ನಗು ನಿಂತಿತು. ಏಟು ಬೀಳುತ್ತದೆ ಎಂದುಕೊಂಡೆವು. ಉಸ್ತಾದರು ಕೈ ಒರೆಸಿಕೊಂಡು, ವೀಲ್ ಸ್ಪ್ಯಾನರನ್ನು ಹುಡುಗನ ಕೈಗಿತ್ತು ಪಕ್ಕಕ್ಕೆ ಸರಿದು ನಿಂತರು.